ಒಂದೇ ಊರಿನ ಎರಡು ಫುಟ್‌ಬಾಲ್ ಕ್ಲಬ್‌ಗಳ ಅಭಿಮಾನಿಗಳ ನಡುವೆ ಅಷ್ಟೊಂದು ಜಿದ್ದು ಯಾಕೆ?

ಸೋತ ಮರುದಿನ ಬೆಳಗ್ಗೆ ಗೆದ್ದವರ ಮುಖ ನೋಡಲೇಬೇಕಲ್ಲ, ಅದಕ್ಕೆ. ದೂರದ ತಂಡದ ಎದುರು ಸೋತರೆ ಬೇಸರವಾಗುತ್ತದೆ, ನಾಲ್ಕು ದಿನಕ್ಕೆ ಮರೆತೂ ಹೋಗುತ್ತದೆ. ಎದುರಾಳಿಯ ಅಭಿಮಾನಿ ಪಕ್ಕದ ಮೇಜಿನಲ್ಲೋ ನಿಮ್ಮ ಮನೆಯಲ್ಲೋ ಇದ್ದರೆ, ಆ ಸೋಲು ಮುಂದಿನ ಡರ್ಬಿಯವರೆಗೂ, ಅಂದರೆ ಅದೇ ಊರಿನ ಎರಡು ತಂಡಗಳ ಮುಂದಿನ ಪಂದ್ಯದವರೆಗೂ, ಚುಚ್ಚುತ್ತಲೇ ಇರುತ್ತದೆ.

ಇಂಗ್ಲೆಂಡಿನ ಲಿವರ್‌ಪೂಲ್ ನಗರವನ್ನೇ ನೋಡಿ. ಅಲ್ಲಿನ ಆನ್‌ಫೀಲ್ಡ್ ಮೈದಾನದಲ್ಲಿ ಮೊದಲು ಆಡುತ್ತಿದ್ದದ್ದು ಎವರ್ಟನ್ ಕ್ಲಬ್. ಮೈದಾನದ ಮಾಲೀಕರ ಜೊತೆ ಬಾಡಿಗೆ ಇತ್ಯಾದಿಗೆ ಜಗಳವಾಗಿ 1892ರಲ್ಲಿ ಎವರ್ಟನ್‌ನವರು ಗುಡಿಸನ್ ಪಾರ್ಕ್ ಮೈದಾನಕ್ಕೆ ಹೊರಟುಹೋದರು. ಖಾಲಿ ಉಳಿದ ಮೈದಾನದಲ್ಲಿ ಆಡಲೆಂದೇ ಹುಟ್ಟಿದ್ದು ಲಿವರ್‌ಪೂಲ್ ಕ್ಲಬ್. ಅಪ್ಪಟ ದಾಯಾದಿ ಕಲಹ! ಗ್ಲಾಸ್ಗೋದ ಸೆಲ್ಟಿಕ್–ರೇಂಜರ್ಸ್ ಜಿದ್ದಿನಲ್ಲಿ ಧರ್ಮವೂ, ಕೋಲ್ಕತ್ತದ ಮೋಹನ್ ಬಗಾನ್–ಈಸ್ಟ್ ಬೆಂಗಾಲ್ ಜಿದ್ದಿನಲ್ಲಿ ಪೂರ್ವ ಬಂಗಾಳದಿಂದ ವಲಸೆ ಬಂದವರ ನೋವೂ ಬೆರೆತಿವೆ.

ಆದರೆ ಇದನ್ನು ಬರೀ ದ್ವೇಷ ಅಂದರೆ ನಾನು ಒಪ್ಪುವುದಿಲ್ಲ. 1989ರಲ್ಲಿ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲು ಲಿವರ್‌ಪೂಲ್‌ನ 97 ಅಭಿಮಾನಿಗಳನ್ನು ಬಲಿ ತೆಗೆದುಕೊಂಡಿತು. ಆ ದುರಂತದ ಬೆನ್ನಲ್ಲೇ ಗುಡಿಸನ್‌ನಿಂದ ಆನ್‌ಫೀಲ್ಡ್‌ವರೆಗೆ, ನಡುವಿನ ಸ್ಟ್ಯಾನ್ಲಿ ಪಾರ್ಕ್ ದಾಟಿ, ಎರಡೂ ಕ್ಲಬ್‌ಗಳ ಅಭಿಮಾನಿಗಳು ಎವರ್ಟನ್‌ನ ನೀಲಿ ಮತ್ತು ಲಿವರ್‌ಪೂಲ್‌ನ ಕೆಂಪು ಸ್ಕಾರ್ಫ್‌ಗಳನ್ನು ಒಂದಕ್ಕೊಂದು ಗಂಟು ಹಾಕಿ ಸಾಲಾಗಿ ಕಟ್ಟಿದರು.