ಓದುಗರ ಪ್ರಶ್ನೆ: ತರಬೇತಿಯಲ್ಲಿ ಕಲಿತದ್ದು ತರಗತಿಯಲ್ಲಿ ಉಳಿಯುವುದು ಹೇಗೆ?

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿಕ್ಷಕರ ಸೇವಾನಿರತ ತರಬೇತಿಯನ್ನು ಕುರಿತವು. ಒಂದೇ ಆಶಯದ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರು ಮತ್ತು ಶಾಲೆಯ ವಿವರಗಳನ್ನು ಕೈಬಿಟ್ಟು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಶಾಲೆ ಆರಂಭವಾಗುತ್ತಲೇ ಐದು ದಿನಗಳ ಗಣಿತ ತರಬೇತಿಗೆ ಹೋಗಿದ್ದೆ. ಸಂಪನ್ಮೂಲ ವ್ಯಕ್ತಿಗಳು ಚೆನ್ನಾಗಿಯೇ ನಡೆಸಿಕೊಟ್ಟರು, ನಾನೂ ಹುರುಪಿನಿಂದಲೇ ಮರಳಿದೆ. ಆದರೆ ಹದಿನೈದು ದಿನ ಕಳೆಯುವಷ್ಟರಲ್ಲಿ ಹಳೆಯ ಜಾಡಿಗೇ ಬಿದ್ದಿದ್ದೇನೆ. ದೋಷ ನನ್ನದೋ, ತರಬೇತಿಯದೋ?
– ಸಹಶಿಕ್ಷಕಿ, ಮಳವಳ್ಳಿ ತಾಲ್ಲೂಕು

ಉತ್ತರ: ನಿಮ್ಮದಂತೂ ಅಲ್ಲ. ತರಬೇತಿಯ ಸಭಾಂಗಣದಲ್ಲಿ ನಿಮಗೆ ಇದ್ದದ್ದು ಒಂದೇ ಕೆಲಸ, ಹೊಸ ವಿಧಾನವನ್ನು ತಿಳಿದುಕೊಳ್ಳುವುದು. ಶಾಲೆಗೆ ಮರಳಿದ ಮೇಲೆ ಹಾಜರಿ, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ ವ್ಯವಸ್ಥೆ) ಮಾಹಿತಿ ತುಂಬುವ ಗಡಿಬಿಡಿ, ಪಕ್ಕದ ತರಗತಿಯ ಶಿಕ್ಷಕರು ರಜೆಯಾದರೆ ಅವರ ಮಕ್ಕಳ ಜವಾಬ್ದಾರಿ ಎಲ್ಲವೂ ಒಟ್ಟಿಗೆ ಮೈಮೇಲೆ ಬರುತ್ತವೆ. ಗಮನ ಹತ್ತು ಕಡೆಗೆ ಹರಿದಾಗ ಪಾಠವನ್ನು ನಡೆಸುವುದು ಅಭ್ಯಾಸವೇ ಹೊರತು ಹೊಸ ತಿಳಿವಳಿಕೆಯಲ್ಲ. ಅಮೆರಿಕದ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಉಪನ್ಯಾಸ ಕೇಳಿದ, ಮಾದರಿ ಪಾಠ ನೋಡಿದ ಶಿಕ್ಷಕರಲ್ಲಿ ತಿಳಿವಳಿಕೆ ಹೆಚ್ಚುತ್ತದೆ. ಆದರೆ ತಮ್ಮದೇ ತರಗತಿಯಲ್ಲಿ ಪ್ರಯತ್ನಿಸಿ, ಆ ಪ್ರಯತ್ನವನ್ನು ನೋಡಿದ ಇನ್ನೊಬ್ಬರೊಡನೆ ಮಾತನಾಡಿ, ಮತ್ತೆ ಪ್ರಯತ್ನಿಸುವ ಅವಕಾಶ ಸಿಗದಿದ್ದರೆ ಆ ತಿಳಿವಳಿಕೆ ಬೋಧನೆಯಾಗಿ ಬದಲಾಗುವುದು ಅಪರೂಪ. (ಹೀಗೆ ಕೈಹಿಡಿದು ಕಲಿಸಿದರೆ ಶೇ 95ರಷ್ಟು ಶಿಕ್ಷಕರು ಬದಲಾಗುತ್ತಾರೆ ಎಂಬ ಮಾತನ್ನು ತರಬೇತಿಗಳ ಪವರ್‌ಪಾಯಿಂಟ್‌ನಲ್ಲಿ ನೀವೂ ನೋಡಿರಬಹುದು. ಅದು ಆ ಲೇಖಕರು ಮಾಡಿದ ಅಂದಾಜು. ಅಳೆದು ತೆಗೆದ ಲೆಕ್ಕವೆಂಬಂತೆ ಅದನ್ನು ಹೇಳಬಾರದು.)

ಆದ್ದರಿಂದ ಐದು ದಿನಗಳಲ್ಲಿ ಕಲಿತದ್ದನ್ನೆಲ್ಲ ಒಟ್ಟಿಗೆ ಜಾರಿಗೆ ತರುವ ಹಟವನ್ನು ಬಿಡಿ. ಒಂದನ್ನು ಮಾತ್ರ ಆರಿಸಿಕೊಳ್ಳಿ, ಅದೂ ನಾಳೆಯಿಂದಲೇ ಮಾಡಬಹುದಾದಷ್ಟು ಚಿಕ್ಕದಾಗಿರಲಿ. ನನ್ನ ಆಯ್ಕೆಯನ್ನು ಕೇಳಿದರೆ, ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನು ಹೇಳುತ್ತೇನೆ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೂ ಕಾಯದೆ ಇನ್ನೊಬ್ಬರನ್ನು ಕೇಳುತ್ತಾರೆ ಇಲ್ಲವೇ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ ಎಂಬುದನ್ನು ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣತಜ್ಞೆ 1970ರ ದಶಕದಲ್ಲಿ ಗುರುತಿಸಿದರು. ಆ ಬಿಡುವನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ನಿಧಾನವಾಗಿ ಕಲಿಯುತ್ತಾರೆ ಎನಿಸಿಕೊಂಡಿದ್ದ ಮಕ್ಕಳೂ ಬಾಯಿ ಬಿಟ್ಟರು.

ಒಂದು ಉದಾಹರಣೆ ನೋಡಿ. ‘ಮುನ್ನೂರ ಐದು ಬರೆಯಿರಿ’ ಎಂದರೆ ಮೂರನೇ ತರಗತಿಯಲ್ಲಿ ಕೆಲವರಾದರೂ ಸ್ಲೇಟಿನ ಮೇಲೆ 3005 ಎಂದು ಬರೆಯುತ್ತಾರೆ. ‘ತಪ್ಪು, ನಡುವೆ ಒಂದೇ ಸೊನ್ನೆ’ ಎಂದು ತಿದ್ದಿ ಮುಂದಕ್ಕೆ ಹೋಗುವುದು ನಮ್ಮೆಲ್ಲರ ವಾಡಿಕೆ. ಅದರ ಬದಲು ‘ಇದನ್ನು ಹೇಗೆ ಬರೆದೆ, ಹೇಳು’ ಎಂದು ಕೇಳಿ ಸುಮ್ಮನಿರಿ. ಮುಂದಿನ ಬೆಂಚಿನಿಂದ ‘ಮಿಸ್, ಮಿಸ್’ ಎಂದು ಕೈಗಳು ಮೇಲೇಳುತ್ತವೆ, ಅವರನ್ನು ತಡೆಯಿರಿ. ಮೂರು ಸೆಕೆಂಡಿನ ಆ ಮೌನ ಮೊದಲ ಕೆಲವು ದಿನ ನಿಮಗೇ ಸಹಿಸಲಾರದಷ್ಟು ಉದ್ದವೆನಿಸುತ್ತದೆ. ಆಮೇಲೆ ಮಗು ಹೇಳುತ್ತದೆ: ‘ಮೊದಲು ಮುನ್ನೂರು ಬರೆದೆ, ಪಕ್ಕದಲ್ಲಿ ಐದು ಬರೆದೆ.’ ಮಗು ಕಣ್ಣುಮುಚ್ಚಿ ಊಹಿಸಿಲ್ಲ, ಕಿವಿಗೆ ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆದಿದೆ ಎಂಬುದು ಆಗ ನಿಮಗೆ ಗೊತ್ತಾಗುತ್ತದೆ. 300 ಎಂದು ಬರೆದ ಪಟ್ಟಿಯ ಕೊನೆಯ ಸೊನ್ನೆಯ ಮೇಲೆ 5ರ ಚೀಟಿಯನ್ನು ಇಡಿಸಿ ತೋರಿಸಿದರೆ ಸ್ಥಾನಬೆಲೆಯ ಪಾಠ ಅಲ್ಲಿಂದಲೇ ಹೊರಡುತ್ತದೆ. ತರಬೇತಿಯಲ್ಲಿ ನೀವು ಕಲಿತ ಉಳಿದ ಚಟುವಟಿಕೆಗಳಲ್ಲಿ ಯಾವುದು ಈ ಮಗುವಿಗೆ ಬೇಕು ಎಂಬುದು ಕೂಡ ಈ ಒಂದು ಉತ್ತರದಿಂದಲೇ ತಿಳಿಯುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಶಿಕ್ಷಕರ ಮನೋಭಾವವನ್ನು ಮೊದಲು ಬದಲಾಯಿಸಬೇಕು, ಬೋಧನೆ ತಾನಾಗಿ ಬದಲಾಗುತ್ತದೆ ಎಂದು ತರಬೇತಿ ರೂಪಿಸುವವರು ಸಾಮಾನ್ಯವಾಗಿ ನಂಬಿರುತ್ತಾರೆ. ಥಾಮಸ್ ಗಸ್ಕಿ 1986ರಲ್ಲಿ ಈ ಕ್ರಮವನ್ನೇ ತಿರುವಿ ಹಾಕಿದರು: ಶಿಕ್ಷಕರು ಹೊಸದೊಂದನ್ನು ಮಾಡಿ ನೋಡುತ್ತಾರೆ, ಅದರಿಂದ ಮಕ್ಕಳ ಕಲಿಕೆಯಲ್ಲಿ ವ್ಯತ್ಯಾಸ ಕಂಡರೆ ಆಮೇಲೆ ಅದನ್ನು ನಂಬುತ್ತಾರೆ. ಅವರ ಮಾತೇ ನನಗೆ ಸರಿಯೆನಿಸುತ್ತದೆ. ಫಲ ಬೇಗ ಕಣ್ಣಿಗೆ ಕಾಣುವಂಥ ಅಭ್ಯಾಸವನ್ನು ಮೊದಲು ಹಿಡಿಯಬೇಕೆನ್ನುವುದು ಇದಕ್ಕಾಗಿಯೇ. ಪ್ರತಿದಿನದ ಗಣಿತ ಅವಧಿಯ ಮೊದಲ ಪ್ರಶ್ನೆಗೆ ಮಾತ್ರ ಈ ನಿಯಮವನ್ನು ಕಟ್ಟಿಕೊಂಡು, ದಸರಾ ರಜೆಯವರೆಗೆ ಬೇರೆ ಯಾವ ಹೊಸ ಪ್ರಯೋಗಕ್ಕೂ ಕೈಹಾಕದೆ ನಡೆಸಿ ನೋಡಿ.

ಪ್ರಶ್ನೆ: ನಾನು ಪಾಂಡವಪುರದ ಸಮೀಪದ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕ. ಸಹೋದ್ಯೋಗಿಗಳಿಗೆ ನೆರವಾಗೋಣವೆಂದು ಅವರ ತರಗತಿಯಲ್ಲಿ ಹೋಗಿ ಕುಳಿತರೆ ಪಾಠವೇ ಬದಲಾಗಿಬಿಡುತ್ತದೆ. ಶಿಕ್ಷಕರೂ ಮಕ್ಕಳೂ ಇದನ್ನು ಇನ್‌ಸ್ಪೆಕ್ಷನ್ ಎಂದೇ ಭಾವಿಸುತ್ತಾರೆ. ಏನು ಮಾಡಬೇಕು?

ಉತ್ತರ: ಅವರು ಹಾಗೆ ಭಾವಿಸುವುದರಲ್ಲಿ ತಪ್ಪಿಲ್ಲ, ತರಗತಿಗೆ ಹೊರಗಿನವರು ಬಂದು ಕುಳಿತದ್ದೆಲ್ಲ ಇಷ್ಟು ವರ್ಷ ತಪಾಸಣೆಗಾಗಿಯೇ. ಮೊದಲು ನಿಮ್ಮ ಪಾಠಕ್ಕೆ ಅವರನ್ನು ಕರೆಯಿರಿ. ನಿಮಗೆ ಅಷ್ಟೇನೂ ಹಿಡಿತವಿಲ್ಲದ ಒಂದು ಪಾಠವನ್ನೇ ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಆಮೇಲೆ ಅವರ ತರಗತಿಗೆ ಹೋಗುವ ಮುನ್ನ ‘ಇವತ್ತು ನಾನು ಏನನ್ನು ಗಮನಿಸಲಿ?’ ಎಂದು ಅವರನ್ನೇ ಕೇಳಿ, ಅದೊಂದನ್ನು ಮಾತ್ರ ಗಮನಿಸಿ. ಹದಿನೈದು ನಿಮಿಷ ಸಾಕು. ನೋಡಬೇಕಾದದ್ದು ಶಿಕ್ಷಕರನ್ನಲ್ಲ, ಮಕ್ಕಳನ್ನು. ‘ಪಾಠ ಚೆನ್ನಾಗಿತ್ತು, ಇನ್ನೂ ಸ್ವಲ್ಪ ಸುಧಾರಿಸಬೇಕು’ ಎಂಬ ಮಾತಿನಿಂದ ಯಾರಿಗೂ ಏನೂ ಸಿಗುವುದಿಲ್ಲ. ‘ನೀವು ಕೇಳಿದ ಪ್ರಶ್ನೆಗಳಿಗೆಲ್ಲ ಮೊದಲ ಎರಡು ಬೆಂಚಿನವರೇ ಉತ್ತರಿಸಿದರು, ಕಿಟಕಿಯ ಪಕ್ಕದ ಹುಡುಗಿಯರು ಅಷ್ಟೂ ಹೊತ್ತು ಬೋರ್ಡಿನಲ್ಲಿದ್ದದ್ದನ್ನು ನಕಲು ಮಾಡುತ್ತಿದ್ದರು’ ಎಂದರೆ ಅದು ಅವರ ಕೈಗೆ ಸಿಕ್ಕ ಮಾಹಿತಿ, ಅದರ ಮೇಲೆ ಅವರು ನಾಳೆಯ ಪಾಠವನ್ನು ಯೋಚಿಸಬಲ್ಲರು. ಈ ಮಾತುಕತೆ ಅದೇ ದಿನ ನಡೆಯಬೇಕು. ನಿಮ್ಮ ಟಿಪ್ಪಣಿಯ ಹಾಳೆಯನ್ನು ಶಿಕ್ಷಕರಿಗೇ ಕೊಟ್ಟುಬಿಡಿ. ಅದು ಕಚೇರಿಯ ಕಡತ ಸೇರಿದ ದಿನವೇ ಈ ಏರ್ಪಾಡು ಕೆಡುತ್ತದೆ.

ಇನ್ನೊಂದು ಮಾತು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡವಿರುವ ಹತ್ತನೇ ತರಗತಿಯಲ್ಲಿ ಇದನ್ನು ಆರಂಭಿಸಬೇಡಿ. ಎಂಟನೇ ತರಗತಿಯಲ್ಲಿ ಪ್ರಯೋಗಕ್ಕೆ ಜಾಗವಿದೆ, ತಪ್ಪಿದರೆ ತಿದ್ದಿಕೊಳ್ಳಲು ಸಮಯವೂ ಇದೆ. ಶಿಕ್ಷಕರಿಬ್ಬರು ಪರಸ್ಪರರ ತರಗತಿ ನೋಡಲು ವಾರಕ್ಕೊಂದು ಅವಧಿಯನ್ನು ವೇಳಾಪಟ್ಟಿಯಲ್ಲೇ ಬಿಡಿಸಿಕೊಡುವುದು ನಿಮ್ಮಿಂದ ಮಾತ್ರ ಆಗುವ ಕೆಲಸ. ಅದಕ್ಕಾಗಿ ಒಂದು ತರಗತಿಯನ್ನು ನೀವೇ ತೆಗೆದುಕೊಳ್ಳಬೇಕಾಗಬಹುದು. ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 2018ರಲ್ಲಿ 60 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಹೀಗೆ ತರಗತಿಯೊಳಗೇ ಸಿಗುವ ಮಾರ್ಗದರ್ಶನದಿಂದ ಬೋಧನೆಯೂ ಮಕ್ಕಳ ಕಲಿಕೆಯೂ ಸುಧಾರಿಸಿದ್ದು ಕಂಡುಬಂತು. ಆದರೆ ಕಾರ್ಯಕ್ರಮ ದೊಡ್ಡದಾದಷ್ಟೂ ಅದರ ಪರಿಣಾಮ ಇಳಿದಿತ್ತು. ಆ ಅಧ್ಯಯನಗಳಲ್ಲಿ ಬಹುತೇಕ ಅಮೆರಿಕದವು ಎಂಬುದು ನೆನಪಿರಲಿ. ಆದರೂ ಹತ್ತಾರು ಶಿಕ್ಷಕರಿರುವ ಒಂದು ಶಾಲೆಯ ಅಳತೆಯಲ್ಲಿ ಕೆಲಸ ಮಾಡುವ ನಿಮ್ಮಂಥವರಿಗೆ ಇದು ಅನುಕೂಲದ ಸುದ್ದಿ.

ಪ್ರಶ್ನೆ: ತರಬೇತಿ, ತರಬೇತಿ ಎಂದು ನಮ್ಮೂರ ಶಾಲೆಯ ಮೇಷ್ಟ್ರು ಆಗಾಗ ಹೋಗುತ್ತಲೇ ಇರುತ್ತಾರೆ. ಮಕ್ಕಳ ಪಾಠದ ಗತಿಯೇನು?
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಕೃಷ್ಣರಾಜಪೇಟೆ ತಾಲ್ಲೂಕು

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆಂದು ರಾಷ್ಟ್ರೀಯ ಶಿಕ್ಷಣ ನೀತಿ 2020 ಹೇಳುತ್ತದೆ. ಆ ಗಂಟೆಗಳೆಲ್ಲ ಶಾಲೆಯ ಹೊರಗೇ ಕಳೆಯಬೇಕೆಂದು ಅದರ ಅರ್ಥವಲ್ಲ. ಮೇಷ್ಟ್ರು ಮರಳಿದಾಗ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ‘ಏನು ಕಲಿತು ಬಂದಿರಿ?’ ಎಂದು ಕೇಳುವುದಕ್ಕಿಂತ ‘ತರಗತಿಯಲ್ಲಿ ಏನು ಬದಲಾಯಿಸುತ್ತೀರಿ, ಅದಕ್ಕೆ ನಮ್ಮಿಂದ ಏನಾಗಬೇಕು?’ ಎಂದು ಕೇಳಿ. ದೂರಿನ ದನಿಯಲ್ಲಿ ಬೇಡ.

ಪ್ರಶ್ನೆ: ನಾನು ಮೈಸೂರು ಜಿಲ್ಲೆಯ ಗ್ರಾಮೀಣ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಒಂದರ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ. ತಿಂಗಳ ಸಮಾಲೋಚನಾ ಸಭೆಯನ್ನು ಸುತ್ತೋಲೆಗಳೂ ಮಾಹಿತಿ ಸಂಗ್ರಹವೂ ನುಂಗಿಹಾಕುತ್ತವೆ. ಉಳಿದ ಸಮಯದಲ್ಲಿ ಒಬ್ಬರು ಉಪನ್ಯಾಸ ನೀಡುತ್ತಾರೆ, ಉಳಿದವರು ಸಹಿ ಹಾಕಿ ಬಸ್ಸಿಗೆ ಓಡುತ್ತಾರೆ. ಇದನ್ನು ಶಿಕ್ಷಕರ ಕಲಿಕೆಯ ಸಭೆಯಾಗಿಸುವುದು ಸಾಧ್ಯವೇ?

ಉತ್ತರ: ಸಾಧ್ಯ. ಅದಕ್ಕೆ ನಿಮ್ಮದೇ ಜಿಲ್ಲೆಯ ಇತಿಹಾಸ ಸಾಕ್ಷಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಗೆ ಹೋಗಿ, ಹಲವು ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡರು. ಮರಳಿ ಬಂದು, ಯುನಿಸೆಫ್ ನೆರವಿನಲ್ಲಿ, ತಮ್ಮ ಮಕ್ಕಳಿಗೆ ತಕ್ಕ ಕನ್ನಡದ ಸಾಮಗ್ರಿಯನ್ನು ತಾವೇ ಕೂತು ಸಿದ್ಧಪಡಿಸಿ, ತರಗತಿಯಲ್ಲಿ ಬಳಸಿ ನೋಡಿ ತಿದ್ದಿದರು. ಅದೇ ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿತು. ಕಾರ್ಡುಗಳನ್ನು ತಾವೇ ಮಾಡಿದ ಶಿಕ್ಷಕರಿಗೆ ಕಲಿಕೆಯ ಪ್ರತಿ ಮೆಟ್ಟಿಲೂ ಏಕೆ ಅಲ್ಲಿದೆ ಎಂಬುದು ಗೊತ್ತಿತ್ತು. ಸಿದ್ಧ ಕಿಟ್ಟನ್ನು ಕೈಗೆ ಪಡೆದವರಿಗೆ ಅದನ್ನು ಯಾರಾದರೂ ವಿವರಿಸಿ ಹೇಳಬೇಕು. ರಾಜ್ಯಮಟ್ಟದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿದು ಬರುವ ತರಬೇತಿಯಲ್ಲಿ ಚಟುವಟಿಕೆ ಉಳಿದು, ಅದರ ಕಾರಣವೇ ದಾರಿಯಲ್ಲಿ ಸೋರಿಹೋಗುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ನಿಮ್ಮ ಸಭೆಗೆ ಜಪಾನಿನ ಶಾಲೆಗಳ ಒಂದು ಹಳೆಯ ಪದ್ಧತಿ ಒದಗುತ್ತದೆ. ಅಲ್ಲಿ ಕೆಲವು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ಯೋಜಿಸುತ್ತಾರೆ. ಯಾವ ಪ್ರಶ್ನೆಗೆ ಮಕ್ಕಳು ಏನೆಲ್ಲ ಹೇಳಬಹುದು ಎಂಬುದನ್ನೂ ಮುಂಚಿತವಾಗಿ ಊಹಿಸಿ ಬರೆದಿಡುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಮಕ್ಕಳ ನಡುವೆ ಕುಳಿತು ಅವರ ಮಾತು ಮತ್ತು ಬರಹವನ್ನು ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ಪಾಠ ಎಲ್ಲರದೂ ಆಗಿರುವುದರಿಂದ ಅದರ ಕೊರತೆ ಪಾಠ ಮಾಡಿದ ಒಬ್ಬರ ಹೆಗಲಿಗೆ ಬೀಳುವುದಿಲ್ಲ. ಕ್ಲಸ್ಟರ್‌ನಲ್ಲಿ ಇದನ್ನು ಪೂರ್ತಿಯಾಗಿ ನಡೆಸುವುದು ಕಷ್ಟವಾದರೆ, ಪ್ರತಿ ಶಿಕ್ಷಕರೂ ಸಭೆಗೆ ತಮ್ಮ ತರಗತಿಯ ಮೂರು ನೋಟ್‌ಬುಕ್‌ಗಳನ್ನು ತರಲಿ: ಒಂದೇ ಲೆಕ್ಕ, ಮೂರು ಬಗೆಯ ಉತ್ತರ. ಅವನ್ನು ಮೇಜಿನ ಮೇಲೆ ಹರಡಿಕೊಂಡು ‘ಈ ಮಗು ಹೀಗೇಕೆ ಮಾಡಿತು?’ ಎಂದು ಮಾತನಾಡಲು ಒಂದು ಗಂಟೆ ಮೀಸಲಿಡಿ. ಸುತ್ತೋಲೆಗಳನ್ನು ಹಿಂದಿನ ದಿನವೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಈ ಗಂಟೆ ಸಿಗುತ್ತದೆ. ಮಾಹಿತಿ ಸಂಗ್ರಹವನ್ನು ಸಭೆಯ ಕೊನೆಗೆ ತಳ್ಳಿ, ಆರಂಭದಲ್ಲಿ ಮಾತ್ರ ಇಡಬೇಡಿ. ಮುಂದಿನ ತಿಂಗಳು ಅದೇ ಮಕ್ಕಳ ನೋಟ್‌ಬುಕ್‌ಗಳು ಮತ್ತೆ ಬರಬೇಕೆಂಬುದನ್ನು ಮರೆಯಬೇಡಿ. ತಿಂಗಳಿಗೊಂದು ಹೊಸ ವಿಷಯ ಹಿಡಿದು ಹಳೆಯದನ್ನು ಕೈಬಿಡುವುದೇ ನಮ್ಮ ಸಭೆಗಳ ದೊಡ್ಡ ರೋಗವೆಂದು ನನಗನ್ನಿಸುತ್ತದೆ.

ಪ್ರಶ್ನೆ: ಸರ್ಕಾರದ ದೀಕ್ಷಾ ವೇದಿಕೆಯ ಆನ್‌ಲೈನ್ ಕೋರ್ಸುಗಳನ್ನು ಮುಗಿಸಿ ಪ್ರಮಾಣಪತ್ರ ಪಡೆದಿದ್ದೇನೆ. ಅದರಿಂದ ಬೋಧನೆ ಸುಧಾರಿಸುತ್ತದೆಯೇ?
– ಖಾಸಗಿ ಶಾಲೆಯ ಶಿಕ್ಷಕಿ, ಮೈಸೂರು

ಉತ್ತರ: ಕೋರ್ಸು ತಿಳಿವಳಿಕೆ ಕೊಡುತ್ತದೆ, ಬೇಕಾದಾಗ ಮತ್ತೆ ನೋಡುವ ಅನುಕೂಲವೂ ಉಂಟು. ಪ್ರಮಾಣಪತ್ರ ಸೂಚಿಸುವುದು ಕೋರ್ಸು ಮುಗಿಯಿತು ಎಂಬುದನ್ನು ಮಾತ್ರ. ಸ್ಟಾಫ್‌ರೂಮಿನಲ್ಲಿ ಇಬ್ಬರು ಒಂದೇ ಕೋರ್ಸನ್ನು ಹಿಡಿದು, ಒಂದು ಘಟಕ ನೋಡಿ, ಅದನ್ನು ತರಗತಿಯಲ್ಲಿ ಮಾಡಿ, ಮಾತನಾಡಿದ ಮೇಲೆಯೇ ಮುಂದಿನ ಘಟಕಕ್ಕೆ ಹೋಗುವುದೆಂದು ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ಸರಗೂರು ತಾಲ್ಲೂಕಿನ ಕಾಡಂಚಿನ ಊರಿನಲ್ಲಿ ನಮ್ಮದು ಇಬ್ಬರೇ ಶಿಕ್ಷಕರ ಶಾಲೆ. ಒಬ್ಬರ ತರಗತಿಯನ್ನು ಇನ್ನೊಬ್ಬರು ನೋಡಲು ಹೋದರೆ ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳುವುದು?

ಉತ್ತರ: ನಿಮ್ಮಂಥ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಯಾವ ತರಬೇತಿಯೂ ರೂಪುಗೊಳ್ಳುವುದಿಲ್ಲ ಎಂಬ ಅಸಮಾಧಾನ ನನಗೂ ಇದೆ. ಸದ್ಯಕ್ಕೆ ಮೊಬೈಲ್‌ನಲ್ಲಿ ನಿಮ್ಮ ಪಾಠದ ಹತ್ತು ನಿಮಿಷದ ಧ್ವನಿಯನ್ನಷ್ಟೇ ಮುದ್ರಿಸಿಕೊಳ್ಳಿ. ವಿಡಿಯೊ ಬೇಡ, ಮಕ್ಕಳ ಚಿತ್ರವಿರುವುದನ್ನು ಗುಂಪುಗಳಿಗೆ ಕಳಿಸುವುದಂತೂ ಬೇಡವೇ ಬೇಡ. ಸಂಜೆ ಕೇಳುವಾಗ ಒಂದನ್ನು ಮಾತ್ರ ಎಣಿಸಿ: ನಿಮ್ಮ ಪ್ರಶ್ನೆಗಳಲ್ಲಿ ಎಷ್ಟಕ್ಕೆ ಉತ್ತರ ಬರುವ ಮೊದಲೇ ನೀವೇ ಉತ್ತರ ಹೇಳಿದಿರಿ? ತರಬೇತಿಯಲ್ಲಿ ಪರಿಚಯವಾದ, ಅದೇ ತರಗತಿಗೆ ಪಾಠ ಮಾಡುವ ಒಬ್ಬರೊಡನೆ ವಾರಕ್ಕೊಮ್ಮೆ ಫೋನಿನಲ್ಲಿ ಆ ಲೆಕ್ಕವನ್ನು ಹಂಚಿಕೊಳ್ಳಿ. ಊರಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಸಮಾಲೋಚನಾ ಸಭೆಯ ದಿನ ಅರ್ಧ ಗಂಟೆ ಮೊದಲು ಬಂದು ಭೇಟಿಯಾಗಿ. ನಿಮ್ಮ ಸಿಆರ್‌ಪಿ ಶಾಲೆಗೆ ಬಂದಾಗ ದಾಖಲೆ ನೋಡುವ ಮುನ್ನ ಒಂದು ಅವಧಿ ಒಂದು ಗುಂಪಿನ ಮಕ್ಕಳನ್ನು ಅವರಿಗೇ ಒಪ್ಪಿಸಿ, ಆ ಹೊತ್ತಿನಲ್ಲಿ ನೀವು ನಿಮ್ಮ ಸಹೋದ್ಯೋಗಿಯ ಪಾಠವನ್ನು ನೋಡಿ. ಅವರು ಒಪ್ಪದಿದ್ದರೆ ಮೇಲೆ ಸಿಆರ್‌ಪಿಯೊಬ್ಬರಿಗೆ ಕೊಟ್ಟ ಉತ್ತರವನ್ನು ಅವರಿಗೆ ಓದಲು ಕೊಡಬಹುದು.