ಮುಂಬೈ ಮಳೆಗಾಲದಲ್ಲಿ ಮನೆಯಲ್ಲೇ ನೇಲ್ ಆರ್ಟ್ ಮಾಡಿದರೆ ಹೂವಿನ ಡಿಸೈನ್ ಕಲೆಸಿಹೋಗುತ್ತದೆ. ಗೌರಿ ಹಬ್ಬಕ್ಕೆ ಏನು ಮಾಡಲಿ?

ಕೆಳಗಿನ ಬಣ್ಣ ಒಣಗಿಲ್ಲ, ಅಷ್ಟೇ. ನಮ್ಮ ಡೊಂಬಿವಲಿ, ಮಾಟುಂಗಾ ಕಡೆ ಈ ತಿಂಗಳಲ್ಲಿ ಬಟ್ಟೆಯೇ ಒಣಗಲ್ಲ ಅಲ್ವಾ! ಒಂದು ದಪ್ಪ ಕೋಟ್ ಬದಲು 2 ತೆಳು ಕೋಟ್ ಹಚ್ಚಿ. ನಡುವೆ 5 ನಿಮಿಷ ಸುಮ್ನೆ ಕೂತಿರಿ. ಗಾಢ ಬಣ್ಣವಾದರೆ ಮೊದಲು ಬೇಸ್ ಕೋಟ್ (ಬಣ್ಣದ ಕೆಳಗೆ ಹಚ್ಚುವ ಪಾಲಿಶ್) ಬೇಕು, ಇಲ್ಲದಿದ್ದರೆ ಉಗುರು ಹಳದಿಯಾಗಬಹುದು.

ಹೂವಿಗೆ ದುಬಾರಿ ಕಿಟ್ ಯಾಕೆ? ಹೇರ್‌ಪಿನ್ ತುದಿ ಸಾಕು. ಫಾಯಿಲ್ ಚೂರಿನ ಮೇಲೆ ಒಂದು ಹನಿ ಬಣ್ಣ ಹಾಕಿ. ಸುತ್ತ 5 ಚುಕ್ಕಿ, ನಡುವೆ ಟೂತ್‌ಪಿಕ್‌ನಿಂದ ಒಂದು ಸಣ್ಣ ಚುಕ್ಕಿ. ಪ್ರತಿ ಚುಕ್ಕಿಗೂ ಹೊಸದಾಗಿ ಅದ್ದಿ, ಆಗಲೇ ಗಾತ್ರ ಸಮ ಬರುವುದು.

ಕೊನೆಗೆ ಮೇಲೆ ಹಚ್ಚುವ ಪಾರದರ್ಶಕ ಪಾಲಿಶ್, ಅಂದರೆ ಟಾಪ್ ಕೋಟ್‌ಗೆ ಅವಸರ ಬೇಡ. ಚುಕ್ಕಿ ಪೂರ್ತಿ ಒಣಗಿದ ಮೇಲೆ ಬ್ರಷ್ ಒತ್ತದೆ ಒಂದೇ ಸಲ ಎಳೆಯಿರಿ, ಉಗುರಿನ ತುದಿಯಂಚಿಗೂ ಸವರಿ.