ಹದಿನಾರು ಕೋರ್‌ಗಳಿದ್ದರೂ ರೆಂಡರ್ ಏಕೆ ತೆವಳುತ್ತದೆ?

ಪ್ರಶ್ನೆ: ಮದುವೆ ಮತ್ತು ಜಾಹೀರಾತಿನ ವಿಡಿಯೊಗಳಿಗೆ ಶೀರ್ಷಿಕೆ ಮಾಡಿಕೊಡುವ ಸಣ್ಣ ಸ್ಟುಡಿಯೊ ನಮ್ಮದು. ಬಿದರಿ ಹೂಜಿಯ ಮೇಲೆ ಬೆಳ್ಳಿಯ ಬಳ್ಳಿ ಮೂಡುತ್ತ ಹೋಗುವ, ಅದರ ತುದಿಯಿಂದ ಹೊಳೆಯುವ ಕಣಗಳು ಉದುರುವ 40 ಸೆಕೆಂಡಿನ 4ಕೆ ದೃಶ್ಯವೊಂದನ್ನು ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದಲ್ಲಿ, 32 ಬಿಟ್ ಬಣ್ಣದಲ್ಲಿ, ಮಾಡಿದ್ದೇವೆ. 16 ಕೋರ್‌ಗಳ ಹೊಸ ಪ್ರೊಸೆಸರ್ ಹಾಕಿಸಿ, ಮಲ್ಟಿ-ಫ್ರೇಮ್ ರೆಂಡರಿಂಗ್ ಆನ್ ಮಾಡಿದ್ದರೂ ರೆಂಡರ್ (ದೃಶ್ಯವನ್ನು ಅಂತಿಮ ಫ್ರೇಮ್‌ಗಳಾಗಿ ಸಿದ್ಧಪಡಿಸುವ ಕೆಲಸ) ತೆವಳುತ್ತದೆ, ಸಿಪಿಯು ಬಳಕೆ ಶೇ 15 ದಾಟುವುದಿಲ್ಲ; 16 ಜಿಬಿ ರ್ಯಾಮ್ ಮಾತ್ರ ಸದಾ ತುಂಬಿರುತ್ತದೆ. ಇನ್ನೂ ದೊಡ್ಡ ಪ್ರೊಸೆಸರ್ ಬೇಕೆ?
– ಓದುಗರು, ಬೀದರ್

ಉತ್ತರ: ಬೇಡ. ನಿಮ್ಮ ಪತ್ರದ ಕೊನೆಯಲ್ಲಿ ಬಂದಿರುವ ರ್ಯಾಮಿನ ಮಾತೇ ಅರ್ಧ ಉತ್ತರವನ್ನು ಹೇಳುತ್ತಿದೆ.

2021ರ ಅಕ್ಟೋಬರ್‌ನಲ್ಲಿ ಬಂದ 22ನೇ ಆವೃತ್ತಿಯಿಂದ ಈ ತಂತ್ರಾಂಶವು ಹಲವು ಫ್ರೇಮ್‌ಗಳನ್ನು ಒಟ್ಟೊಟ್ಟಿಗೆ ಸಿದ್ಧಪಡಿಸುತ್ತದೆ. ಆದರೆ ಹಾಗೆ ಸಿದ್ಧವಾಗುತ್ತಿರುವ ಪ್ರತಿಯೊಂದು ಫ್ರೇಮಿಗೂ ರ್ಯಾಮಿನಲ್ಲಿ ಅದರದೇ ಜಾಗ ಬೇಕಾಗುತ್ತದೆ. 3840 × 2160 ಪಿಕ್ಸೆಲ್‌ಗಳ ಒಂದು ಚಿತ್ರವು 8 ಬಿಟ್‌ನಲ್ಲಿ ಸುಮಾರು 33 ಎಂಬಿ, 32 ಬಿಟ್‌ನಲ್ಲಿ ಅದರ ನಾಲ್ಕು ಪಟ್ಟು, ಅಂದರೆ ಸುಮಾರು 133 ಎಂಬಿ ಹಿಡಿಯುತ್ತದೆ. ಒಂದು ಫ್ರೇಮಿನೊಳಗೆ ಲೇಯರ್‌ಗಳೂ ಎಫೆಕ್ಟ್‌ಗಳೂ ಇಂತಹ ಹಲವು ಚಿತ್ರಗಳನ್ನು ಏಕಕಾಲಕ್ಕೆ ಇಟ್ಟುಕೊಳ್ಳುವುದರಿಂದ, ವಿಂಡೋಸ್ ಮತ್ತು ಬ್ರೌಸರ್ ಬಳಸಿ ಉಳಿದ ಜಾಗದಲ್ಲಿ ಎರಡು ಮೂರು ಫ್ರೇಮ್‌ಗಳಿಗಿಂತ ಹೆಚ್ಚು ಹಿಡಿಸದೆ, ಮಿಕ್ಕ ಕೋರ್‌ಗಳು ಕೆಲಸವಿಲ್ಲದೆ ಕೂರುತ್ತವೆ. ನಿಮ್ಮ ದೃಶ್ಯಕ್ಕೆ 32 ಬಿಟ್ ನಿಜಕ್ಕೂ ಬೇಕೇ ಎಂದು ಮೊದಲು ನೋಡಿ. ಬೆಳ್ಳಿಯ ಹೊಳಪು 16 ಬಿಟ್‌ನಲ್ಲೂ ಒಡೆಯದೆ ಕಂಡರೆ ಅಷ್ಟರಿಂದಲೇ ಭಾರ ಅರ್ಧಕ್ಕೆ ಇಳಿಯುತ್ತದೆ. ಪ್ರೊಸೆಸರ್‌ಗೆಂದು ಎತ್ತಿಟ್ಟ ಹಣದಲ್ಲಿ ರ್ಯಾಮನ್ನು 64 ಜಿಬಿಗೆ ಏರಿಸುವುದು ಜಾಣತನ.

ಉಳಿದರ್ಧ ಸಮಸ್ಯೆ ಆ ಉದುರುವ ಕಣಗಳಲ್ಲಿದೆ ಎಂಬುದು ನನ್ನ ಬಲವಾದ ಅನುಮಾನ. ನೂರನೆಯ ಫ್ರೇಮಿನಲ್ಲಿ ಒಂದು ಕಣ ಎಲ್ಲಿರಬೇಕೆಂಬುದು ತೊಂಬತ್ತೊಂಬತ್ತನೆಯದರಲ್ಲಿ ಅದು ಎಲ್ಲಿತ್ತು ಎಂಬುದನ್ನು ಅವಲಂಬಿಸಿದ್ದರೆ, ಆ ಲೆಕ್ಕವನ್ನು ಹದಿನಾರು ಕೋರ್‌ಗಳಿಗೆ ಹಂಚಲು ಬರುವುದಿಲ್ಲ. ಅಂತಹ ಎಫೆಕ್ಟ್ ಒಂದು ಫ್ರೇಮಿಗೆ 4 ಸೆಕೆಂಡ್ ತೆಗೆದುಕೊಂಡರೆ, ಕೋರ್‌ಗಳು ಎಷ್ಟೇ ಇರಲಿ, 4 ಸೆಕೆಂಡಿಗೊಂದಕ್ಕಿಂತ ವೇಗವಾಗಿ ಫ್ರೇಮ್ ಹೊರಬರಲಾರದು. ಇದನ್ನು ಪರೀಕ್ಷಿಸುವುದು ಸುಲಭ: ಕಣಗಳ ಲೇಯರಿನ ಕಣ್ಣಿನ ಗುರುತನ್ನು ಆಫ್ ಮಾಡಿ ನೂರು ಫ್ರೇಮ್‌ಗಳನ್ನು ರೆಂಡರ್ ಮಾಡಿ, ಸಿಪಿಯು ಬಳಕೆಯನ್ನು ಗಮನಿಸಿ. ಅದು ಥಟ್ಟನೆ ಏರಿದರೆ ಕಾರಣ ಸಿಕ್ಕಂತೆಯೇ. ಏರದಿದ್ದರೆ, ಟೈಮ್‌ಲೈನಿನ ಕೆಳಗಡೆ ಇರುವ ಬಸವನಹುಳುವಿನ ಚಿಹ್ನೆಯನ್ನು ಒತ್ತಿದಾಗ ಪ್ರತಿ ಲೇಯರ್ ಮತ್ತು ಎಫೆಕ್ಟ್ ಎಷ್ಟು ಮಿಲಿಸೆಕೆಂಡ್ ತಿನ್ನುತ್ತಿದೆ ಎಂಬುದು ಕಾಣುತ್ತದೆ. ಹೆಸರು ಹಿಡಿದು ಹುಡುಕಬಹುದು. ಮಲ್ಟಿ-ಫ್ರೇಮ್‌ಗೆ ಒಗ್ಗದ ಹಳೆಯ ಪ್ಲಗ್‌ಇನ್‌ಗಳ ಪಕ್ಕದಲ್ಲಿ ಎಚ್ಚರಿಕೆಯ ಗುರುತೂ ಇರುತ್ತದೆ.

ಕಾರಣ ಕಣಗಳೇ ಎಂದಾದರೆ ಆ ಲೇಯರನ್ನಷ್ಟೇ ಆಲ್ಫಾ (ಪಾರದರ್ಶಕತೆಯ ಮಾಹಿತಿ) ಸಮೇತ ಪಿಎನ್‌ಜಿ ಚಿತ್ರಸರಣಿಯಾಗಿ ಒಮ್ಮೆ ರೆಂಡರ್ ಮಾಡಿಕೊಂಡು, ಮೂಲ ಲೇಯರಿನ ಜಾಗದಲ್ಲಿ ಅದನ್ನು ಕೂರಿಸಿ. ಗಿರಾಕಿ ಹೆಸರಿನ ಅಕ್ಷರವನ್ನು ನಾಲ್ಕು ಸಲ ಬದಲಿಸಿದರೂ ಕಣಗಳ ಲೆಕ್ಕ ಮತ್ತೆ ನಡೆಯುವುದಿಲ್ಲ.

ಬೇಸಿಗೆಯ ವಿಷಯವೂ ಒಂದಿದೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ, ಧೂಳು ಕಟ್ಟಿದ ಫ್ಯಾನಿನ ಅಡಿಯಲ್ಲಿರುವ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ರೆಂಡರ್ ಶುರುವಾದ ಹತ್ತು ನಿಮಿಷದ ನಂತರ ಟಾಸ್ಕ್ ಮ್ಯಾನೇಜರ್‌ನಲ್ಲಿ ಗಿಗಾಹರ್ಟ್ಸ್ ಅಂಕಿ ಬಹಳ ಇಳಿದಿದ್ದರೆ ಫ್ಯಾನ್ ಸ್ವಚ್ಛ ಮಾಡಿಸಿ. ಅಂತಿಮ ರೆಂಡರನ್ನೂ ನೇರವಾಗಿ ಎಂಪಿ4 ಮಾಡದೆ ಚಿತ್ರಸರಣಿಯಾಗಿಯೇ ತೆಗೆಯಿರಿ. ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೂ ಆವರೆಗಿನ ಫ್ರೇಮ್‌ಗಳು ಡಿಸ್ಕಿನಲ್ಲಿ ಉಳಿದಿರುತ್ತವೆ, ಅರೆಬರೆಯಾದ ಕೊನೆಯ ಫ್ರೇಮನ್ನು ಅಳಿಸಿ ಅಲ್ಲಿಂದಲೇ ಮುಂದುವರಿಸಬಹುದು.